ಒಂದು ಸಹಿ, ಇಬ್ಬರು ಸಾಕ್ಷಿ: ಕೋಲ್ಕತ್ತದ ಉಯಿಲುಗಳು ಮತ್ತು ಎಲ್ಲರಿಗೂ ಸಿಗಬೇಕಾದ ಕಾನೂನು

ಪ್ರಸನ್ನಕುಮಾರ ಠಾಕೂರರು 1868ರಲ್ಲಿ ತೀರಿಕೊಂಡಾಗ ಕಲ್ಕತ್ತದಲ್ಲಿ ಅವರಷ್ಟು ಕಾನೂನು ಬಲ್ಲ ಶ್ರೀಮಂತರು ವಿರಳ. ಸರ್ಕಾರಿ ವಕೀಲರಾಗಿದ್ದವರು, ದೊಡ್ಡ ಜಮೀನ್ದಾರರು. ಮಗ ಜ್ಞಾನೇಂದ್ರಮೋಹನ 1851ರಲ್ಲಿ ಕ್ರೈಸ್ತಧರ್ಮಕ್ಕೆ ಸೇರಿದ್ದರು. ಮುಂದೆ ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಆದ ಮೊದಲ ಭಾರತೀಯ ಎನಿಸಿಕೊಂಡರು. ಮತ ಬಿಟ್ಟವನಿಗೆ ಆಸ್ತಿ ಇಲ್ಲವೆಂಬ ಹಳೆಯ ಕಟ್ಟಳೆಯನ್ನು 1850ರ ಕಾಯ್ದೆಯೊಂದು ಅಷ್ಟರಲ್ಲಾಗಲೇ ತೆಗೆದುಹಾಕಿತ್ತು. ಆದ್ದರಿಂದ ಮಗನಿಗೆ ಆಸ್ತಿ ಹೋಗದಂತೆ ತಡೆಯಲು ತಂದೆ ಉಯಿಲಿನ ದಾರಿ ಹಿಡಿದರು. ಅವರು ಅದನ್ನು ಬಹಳ ಎಚ್ಚರಿಕೆಯಿಂದ ಬರೆಸಿದರು. ಆಸ್ತಿ ಮೊದಲು ಬಂಧು ಜತೀಂದ್ರಮೋಹನರಿಗೆ, ಆಮೇಲೆ ಗಂಡುಸಂತತಿಯ ಸಾಲಿನಲ್ಲಿ ಒಬ್ಬರಾದ ಮೇಲೊಬ್ಬರಿಗೆ, ಇನ್ನೂ ಹುಟ್ಟದವರಿಗೂ ಸಲ್ಲುವಂತೆ. ಮಗ ದಾವೆ ಹೂಡಿದರು. 1872ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು: ಹಿಂದೂ ಕಾನೂನು ಅರಿಯದ ಹೊಸ ಬಗೆಯ ಒಡೆತನವನ್ನು ಉಯಿಲಿನಿಂದ ಸೃಷ್ಟಿಸಲಾಗದು, ಹುಟ್ಟದವರಿಗೆ ಕೊಟ್ಟದ್ದು ನಿಲ್ಲದು. ಜತೀಂದ್ರಮೋಹನರಿಗೆ ಅವರ ಜೀವಮಾನದ ಮಟ್ಟಿಗಿನ ಹಕ್ಕು ಉಳಿಯಿತು. ಅದರಾಚೆಯ ಏರ್ಪಾಡೆಲ್ಲ ಬಿದ್ದುಹೋಯಿತು.

ಅದೇ ಉಯಿಲಿನ ಇನ್ನೊಂದು ಭಾಗ ಮಾತ್ರ ಗಟ್ಟಿಯಾಗಿ ನಿಂತಿತು. ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಕಾನೂನಿನ ಪೀಠವೊಂದನ್ನು ಸ್ಥಾಪಿಸಲು ಅವರು ಹಣ ಬಿಟ್ಟಿದ್ದರು. ಪ್ರತಿವರ್ಷ ಒಂದು ಉಪನ್ಯಾಸಮಾಲೆ ನಡೆಯಬೇಕು, ಕೇಳಲು ಬಂದವರಿಂದ ಶುಲ್ಕ ತೆಗೆದುಕೊಳ್ಳಬಾರದು, ಉಪನ್ಯಾಸಗಳನ್ನು ಅಚ್ಚುಹಾಕಿಸಿ ಕನಿಷ್ಠ 500 ಪ್ರತಿಗಳನ್ನು ಉಚಿತವಾಗಿ ಹಂಚಬೇಕು ಎಂಬುದು ಷರತ್ತು. 1870ರಲ್ಲಿ ಹರ್ಬರ್ಟ್ ಕೊವೆಲ್ ಹಿಂದೂ ಕಾನೂನಿನ ಮೇಲೆ ಮಾತನಾಡಿ ಈ ಮಾಲೆಯನ್ನು ಆರಂಭಿಸಿದರು. ರಾಸ್‌ಬಿಹಾರಿ ಘೋಷ್ ಅಡಮಾನದ ಕಾನೂನನ್ನು, ಗುರುದಾಸ ಬ್ಯಾನರ್ಜಿ ಮದುವೆ ಮತ್ತು ಸ್ತ್ರೀಧನವನ್ನು ಎತ್ತಿಕೊಂಡರು. 1887ರಲ್ಲಿ ಗಿಲ್ಬರ್ಟ್ ಹೆಂಡರ್ಸನ್ ಆರಿಸಿಕೊಂಡದ್ದು ಉಯಿಲಿನ ಕಾನೂನನ್ನೇ. ನ್ಯಾಯಾಲಯಗಳು ಇಂದಿಗೂ ಉಲ್ಲೇಖಿಸುವ ‘ಟ್ಯಾಗೋರ್ ಲಾ ಲೆಕ್ಚರ್ಸ್’ ಹುಟ್ಟಿದ್ದು ಹೀಗೆ, ಒಂದು ಉಯಿಲಿನಿಂದ.

ಕಾನೂನಿನಲ್ಲಿ ಪಳಗಿದ ವ್ಯಕ್ತಿಯ ಆಸ್ತಿಯ ಏರ್ಪಾಡೇ ಕೋರ್ಟಿನಲ್ಲಿ ನಿಲ್ಲಲಿಲ್ಲ ಎಂದ ಮೇಲೆ ಸಾಮಾನ್ಯ ಮನೆಯವರ ಪಾಡೇನು? ಉಯಿಲು ಬರೆಯುವವರಿಗೆ ಕಾನೂನು ಹೇಳಿಕೊಡುವವರು ಯಾರು? ಅದಕ್ಕೆ ದುಡ್ಡು ಕೊಡಲೇಬೇಕೇ? ಇವು ಇಡೀ ದೇಶದ ಪ್ರಶ್ನೆಗಳು. ಆದರೆ ಇವುಗಳ ಚರಿತ್ರೆಯನ್ನು ಓದಲು ಕೋಲ್ಕತ್ತದಷ್ಟು ಸೂಕ್ತವಾದ ಊರು ಇನ್ನೊಂದಿಲ್ಲ. ಅಲ್ಲಿನ ನಿಯಮವೊಂದು 2025ರ ಡಿಸೆಂಬರಿನಲ್ಲಷ್ಟೇ ಬದಲಾದ್ದರಿಂದ, ಈ ಸಮೀಕ್ಷೆಗೆ ಸಮಯವೂ ಕೂಡಿಬಂದಿದೆ.

ದಾಯಭಾಗದ ನೆಲ, ಮಿತಾಕ್ಷರದ ನೆಲ

ಉಯಿಲು ಬಂಗಾಳದಲ್ಲಿ ಬೇಗ ಬೇರೂರಿದ್ದಕ್ಕೆ ಕಾರಣವಿದೆ. ಜೀಮೂತವಾಹನನ ದಾಯಭಾಗ ಪದ್ಧತಿಯಲ್ಲಿ ತಂದೆ ಬದುಕಿರುವಷ್ಟು ಕಾಲ ಆಸ್ತಿಯ ಪೂರ್ಣ ಒಡೆಯ. ಮಗನಿಗೆ ಹುಟ್ಟಿನಿಂದ ಹಕ್ಕು ಬರುವುದಿಲ್ಲ. ತನ್ನದೆಲ್ಲವನ್ನೂ ಬೇಕಾದವರಿಗೆ ಬರೆದಿಡುವುದು ಅಲ್ಲಿ ಸುಲಭ. ಕರ್ನಾಟಕವೂ ಸೇರಿದಂತೆ ದೇಶದ ಬಹುಭಾಗದಲ್ಲಿ ನಡೆದದ್ದು ಮಿತಾಕ್ಷರ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಬರೆದ ಈ ಗ್ರಂಥದ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟುತ್ತಲೇ ಪಾಲು. ಎಲ್ಲರ ಹಕ್ಕು ಬೆರೆತಿರುವ ಆಸ್ತಿಯನ್ನು ಒಬ್ಬರೇ ಉಯಿಲಿನಲ್ಲಿ ಕೊಡುವುದು ಹೇಗೆ ಎಂಬ ತೊಡಕು ಅಲ್ಲಿ ಮೊದಲಿನಿಂದಲೂ ಇತ್ತು. ಈ ಎರಡು ಗ್ರಂಥಗಳ ವಾರಸು ಭಾಗಗಳನ್ನು ಎಚ್.ಟಿ. ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದು ಒಟ್ಟಿಗೆ ಪ್ರಕಟಿಸಿದ್ದು 1810ರಲ್ಲಿ, ಕಲ್ಕತ್ತದಲ್ಲಿ. ಕಲ್ಯಾಣದ ಪಂಡಿತನ ಮಾತು ಬ್ರಿಟಿಷ್ ನ್ಯಾಯಾಧೀಶರ ಮೇಜಿಗೆ ತಲುಪಿದ್ದು ಈ ಪುಸ್ತಕದ ಮೂಲಕ.

ಪ್ಲಾಸಿ ಕದನದ ಒಳಸಂಚಿನಲ್ಲಿ ಹೆಸರು ಕೇಳಿಬರುವ ವರ್ತಕ ಅಮೀಚಂದನ 1758ರ ಉಯಿಲು, ಹಿಂದೂಗಳ ಉಯಿಲುಗಳಲ್ಲಿ ದಾಖಲೆಗೆ ಸಿಗುವ ಅತ್ಯಂತ ಹಳೆಯವುಗಳಲ್ಲಿ ಒಂದು. ಪಿತ್ರಾರ್ಜಿತವನ್ನು ವಿಲೇವಾರಿ ಮಾಡಲು ಬಂಗಾಳದ ತಂದೆಗೆ ಇರುವ ಹಕ್ಕನ್ನು ಸಮರ್ಥಿಸಿ ರಾಮಮೋಹನ ರಾಯರು 1830ರಲ್ಲಿ ಒಂದು ಪ್ರಬಂಧವನ್ನೇ ಬರೆದರು. ಲಖನೌದಲ್ಲಿ 1800ರಲ್ಲಿ ತೀರಿಕೊಂಡ ಫ್ರೆಂಚ್ ಸೇನಾನಿ ಕ್ಲಾಡ್ ಮಾರ್ಟಿನ್ ಶಾಲೆಗಳಿಗಾಗಿ ಹಣ ಬರೆದಿಟ್ಟಿದ್ದ. ಆ ಹಣದಿಂದ ಕಲ್ಕತ್ತದ ಲಾ ಮಾರ್ಟಿನಿಯರ್ ಶಾಲೆ ಬಾಗಿಲು ತೆರೆದದ್ದು 1836ರಲ್ಲಿ. ಬರೆದವನ ಉದ್ದೇಶ ನೆಲಕ್ಕಿಳಿಯಲು ಮೂವತ್ತಾರು ವರ್ಷ ಬೇಕಾಯಿತು. ಈಶ್ವರಚಂದ್ರ ವಿದ್ಯಾಸಾಗರರು 1875ರಲ್ಲಿ ಬರೆದ ಉಯಿಲಿನಲ್ಲಿ ಬಂಧುಗಳಿಗೂ ಆಶ್ರಿತರಿಗೂ ಮಾಸಾಶನ ಗೊತ್ತುಮಾಡಿ, ಮಗನನ್ನು ಹೊರಗಿಟ್ಟರು. ಮೂರು ವರ್ಷದ ಮೇಲೆ, 1878ರಲ್ಲಿ, ಬಂಕಿಮಚಂದ್ರರ ‘ಕೃಷ್ಣಕಾಂತೇರ್ ಉಯಿಲ್’ ಪುಸ್ತಕವಾಗಿ ಬಂತು. ಜಮೀನ್ದಾರ ಮತ್ತೆ ಮತ್ತೆ ತಿದ್ದುವ ಉಯಿಲು, ಅದನ್ನು ಕದ್ದು ಬದಲಿಸುವ ಸಂಚು, ಒಡೆದುಹೋಗುವ ಸಂಸಾರ ಆ ಕಾದಂಬರಿಯ ವಸ್ತು. ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದ ಬಂಕಿಮರಿಗೆ ಇಂಥ ಜಗಳಗಳು ಕಚೇರಿಯಲ್ಲೇ ಪರಿಚಯವಾಗಿದ್ದವು.

ಪ್ರೊಬೇಟ್ ಎಂಬ ಕಡ್ಡಾಯ

1870ರ ಹಿಂದೂ ಉಯಿಲುಗಳ ಕಾಯ್ದೆ ಈ ಕಥೆಯ ತಿರುವು. ಆ ವರ್ಷದ ಸೆಪ್ಟೆಂಬರ್ 1ರಿಂದ, ಬಂಗಾಳದ ಲೆಫ್ಟಿನೆಂಟ್ ಗವರ್ನರರ ಆಡಳಿತಕ್ಕೆ ಸೇರಿದ ಪ್ರದೇಶದಲ್ಲಿ ಹಾಗೂ ಮದರಾಸು, ಬೊಂಬಾಯಿ ನಗರಗಳಲ್ಲಿ ಹಿಂದೂಗಳ ಉಯಿಲು ಲಿಖಿತವಾಗಿರಬೇಕು, ಸಾಕ್ಷಿ ಇರಬೇಕು, ಬರೆದವರು ತೀರಿಕೊಂಡ ಮೇಲೆ ನ್ಯಾಯಾಲಯದಿಂದ ಪ್ರೊಬೇಟ್ ಪಡೆಯಬೇಕು ಎಂದಾಯಿತು. ಪ್ರೊಬೇಟ್ ಎಂದರೆ, ಈ ಉಯಿಲು ಅಸಲಿ, ಅದನ್ನು ಜಾರಿಗೊಳಿಸುವ ಎಕ್ಸಿಕ್ಯೂಟರ್ ಇವರೇ ಎಂದು ನ್ಯಾಯಾಲಯ ಮುದ್ರೆ ಹಾಕಿ ಕೊಡುವ ಪ್ರತಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಇದನ್ನು 57 ಮತ್ತು 213ನೇ ಕಲಮುಗಳಲ್ಲಿ ಉಳಿಸಿಕೊಂಡಿತು. ಪ್ರೊಬೇಟ್ ಇಲ್ಲದೆ ಉಯಿಲಿನ ಆಧಾರದ ಮೇಲೆ ಯಾವ ಕೋರ್ಟಿನಲ್ಲೂ ಹಕ್ಕು ಸ್ಥಾಪಿಸುವಂತಿರಲಿಲ್ಲ.

ಧಾರವಾಡ ಬೊಂಬಾಯಿ ಪ್ರಾಂತದಲ್ಲಿತ್ತು, ಬಳ್ಳಾರಿ ಮದರಾಸು ಪ್ರಾಂತದಲ್ಲಿತ್ತು. ಆದರೆ ಆ ಪ್ರಾಂತಗಳಲ್ಲಿ ನಿಯಮ ತಗುಲಿದ್ದು ರಾಜಧಾನಿ ನಗರಗಳಿಗೆ ಮಾತ್ರ. ಮೈಸೂರು ಸಂಸ್ಥಾನವಂತೂ ಹೊರಗೇ ಇತ್ತು. ಹೀಗಾಗಿ ಕರ್ನಾಟಕದ ಮನೆಗಳಲ್ಲಿ ಪ್ರೊಬೇಟ್ ಎಂಬ ಮಾತೇ ಅಪರೂಪ. ಬ್ಯಾಂಕು, ರೈಲ್ವೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಮೊದಲಾದ ಕಡೆ ನೌಕರಿಗಾಗಿ ಕೋಲ್ಕತ್ತಕ್ಕೆ ಹೋಗಿ, ಅಲ್ಲೊಂದು ಫ್ಲ್ಯಾಟ್ ಕೊಂಡ ಕನ್ನಡ ಕುಟುಂಬಗಳಿಗೆ ಇಲ್ಲೇ ಗೊಂದಲವಾಗುತ್ತಿತ್ತು. ಉಯಿಲನ್ನು ಹುಬ್ಬಳ್ಳಿಯಲ್ಲಿ ಬರೆದಿದ್ದರೂ ಅದರಲ್ಲಿ ಕೋಲ್ಕತ್ತದ ಸ್ಥಿರಾಸ್ತಿ ಇದ್ದರೆ ಆ ಮಟ್ಟಿಗೆ ಪ್ರೊಬೇಟ್ ಬೇಕೇ ಬೇಕಿತ್ತು. ಮಕ್ಕಳು ಬೆಂಗಳೂರಿನಿಂದಲೋ ಅಮೆರಿಕದಿಂದಲೋ ಕಲ್ಕತ್ತ ಹೈಕೋರ್ಟಿನ ಎದುರಿನ ಓಲ್ಡ್ ಪೋಸ್ಟ್ ಆಫೀಸ್ ಸ್ಟ್ರೀಟಿನ ಸಾಲಿಸಿಟರ್ ಕಚೇರಿಗಳಿಗೆ ಅಲೆಯಬೇಕಿತ್ತು. ಅರ್ಜಿ, ಆಸ್ತಿಯ ಪಟ್ಟಿ, ಸಾಕ್ಷಿಯ ಪ್ರಮಾಣಪತ್ರ, ವಾರಸುದಾರರಿಗೆ ನೋಟಿಸು. ಯಾರಾದರೂ ‘ಕೇವಿಯಟ್’ ಎಂಬ ತಕರಾರು ಹಾಕಿ ಎದುರು ನಿಂತರೆ ಇಡೀ ವಿಷಯ ದಾವೆಯಾಗಿ ಬದಲಾಗುತ್ತದೆ.

ಒಂದೇ ದೇಶದಲ್ಲಿ ಮತಕ್ಕೊಂದು, ಊರಿಗೊಂದು ನಿಯಮ ಏಕೆ ಎಂಬ ಪ್ರಶ್ನೆ ಹಳೆಯದು. ಮುಸ್ಲಿಮರಿಗೆ 213ನೇ ಕಲಮು ಅನ್ವಯಿಸುತ್ತಿರಲಿಲ್ಲ; ಭಾರತೀಯ ಕ್ರೈಸ್ತರಿಗೆ 2002ರ ತಿದ್ದುಪಡಿ ವಿನಾಯಿತಿ ಕೊಟ್ಟಿತು. ಕಾನೂನು ಆಯೋಗ 2008ರಲ್ಲಿ ತನ್ನ 209ನೇ ವರದಿಯನ್ನು ಇದಕ್ಕೇ ಮೀಸಲಿಟ್ಟು, ಈ ಕಲಮನ್ನು ಕೈಬಿಡಿ ಎಂದು ಶಿಫಾರಸು ಮಾಡಿತು. ಹದಿನೇಳು ವರ್ಷದ ನಂತರ, 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ರದ್ದತಿ ಮತ್ತು ತಿದ್ದುಪಡಿ ಕಾಯ್ದೆ 213ನೇ ಕಲಮನ್ನು ತೆಗೆದುಹಾಕಿತು. 1870ರಿಂದ ನಡೆದುಬಂದ ಕಡ್ಡಾಯ ಹೋಯಿತು. ಬೇಕೆನಿಸಿದವರು ಪ್ರೊಬೇಟ್ ಪಡೆಯುವ ಅವಕಾಶ ಉಳಿಯಿತು.

ಜಗಳದ ಸೂಚನೆ ಇರುವ ಮನೆಯಲ್ಲಿ ಪ್ರೊಬೇಟ್ ಈಗಲೂ ಉಪಯುಕ್ತ, ಏಕೆಂದರೆ ಉಯಿಲು ಅಸಲಿಯೇ ಎಂಬ ಪ್ರಶ್ನೆಗೆ ಅದು ಕೊನೆಯ ಉತ್ತರ ಕೊಡುತ್ತದೆ. ಆಸ್ತಿಯ ಮೇಲೆ ತೀರಿಕೊಂಡವರಿಗೆ ನಿಜವಾಗಿ ಒಡೆತನವಿತ್ತೇ ಎಂಬುದನ್ನು ಮಾತ್ರ ಪ್ರೊಬೇಟ್ ನ್ಯಾಯಾಲಯ ತೀರ್ಮಾನಿಸುವುದಿಲ್ಲ.

ಕಾನೂನು ಕೇಳುವುದು ಎಷ್ಟು?

ಉಯಿಲಿನ ಕಾನೂನನ್ನು ಮೂಲದಲ್ಲೇ ಓದಿದವರಿಗೆ ಅಚ್ಚರಿಯಾಗುವುದು ಅದರ ಸರಳತೆ ಕಂಡು. ಬರೆಯುವವರು ಪ್ರಾಪ್ತ ವಯಸ್ಕರಾಗಿ, ಸ್ವಸ್ಥಚಿತ್ತರಾಗಿರಬೇಕು. 1925ರ ಕಾಯ್ದೆಯ 63ನೇ ಕಲಮಿನಂತೆ ಉಯಿಲಿಗೆ ಅವರು ಸಹಿ ಮಾಡಬೇಕು ಅಥವಾ ಗುರುತು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು. ಸಹಿ ಮಾಡುವುದನ್ನು ಅವರು ಕಣ್ಣಾರೆ ನೋಡಿರಬೇಕು, ಇಲ್ಲವೇ ‘ಇದು ನನ್ನ ಸಹಿ’ ಎಂಬ ಮಾತನ್ನು ಬರೆದವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಇಬ್ಬರೂ ಬರೆದವರ ಎದುರಿನಲ್ಲಿ ಸಹಿ ಮಾಡಬೇಕು. ಇಬ್ಬರೂ ಒಂದೇ ಹೊತ್ತಿಗೆ ಇರಬೇಕೆಂದಿಲ್ಲ, ಒಳಗೇನು ಬರೆದಿದೆ ಎಂದು ಅವರಿಗೆ ತಿಳಿದಿರಬೇಕೆಂದೂ ಇಲ್ಲ.

ಛಾಪಾ ಕಾಗದ ಬೇಡ. ಬಿಳಿ ಹಾಳೆ ಸಾಕು, ಕೈಬರಹವೂ ಸಾಕು. 74ನೇ ಕಲಮು ಇನ್ನೂ ಮುಂದೆ ಹೋಗಿ, ಕಾನೂನಿನ ಪರಿಭಾಷೆಯನ್ನೇ ಬಳಸಬೇಕಾಗಿಲ್ಲ, ಬರೆದವರ ಉದ್ದೇಶ ತಿಳಿಯುವಂತಿದ್ದರೆ ಸಾಕು ಎನ್ನುತ್ತದೆ. ಕನ್ನಡದಲ್ಲಿ ಬರೆದ ಉಯಿಲು ಕೋಲ್ಕತ್ತದಲ್ಲೂ ಊರ್ಜಿತ. ಕೋರ್ಟಿಗೆ ಹೋಗುವ ಸಂದರ್ಭ ಬಂದರೆ ಅನುವಾದ ಬೇಕಾಗುತ್ತದೆ, ಅಷ್ಟೆ. ಓದಲು ಬಾರದ ಭಾಷೆಯಲ್ಲಿ ಬರೆಸಿದ ಉಯಿಲಿಗಿಂತ ತನ್ನ ಭಾಷೆಯ ಉಯಿಲು ಎಷ್ಟೋ ಮೇಲು. ಇಂಗ್ಲಿಷಿನಲ್ಲಿ ಬರೆಸಲೇಬೇಕಾದರೆ, ಅದನ್ನು ಓದಿ ಅರ್ಥ ಹೇಳಲಾಯಿತು ಎಂಬ ಸಾಲನ್ನು ಸೇರಿಸುವುದು ಒಳ್ಳೆಯದು.

ನೋಂದಣಿ ಕಡ್ಡಾಯವಲ್ಲ. 1908ರ ನೋಂದಣಿ ಕಾಯ್ದೆ ಅದನ್ನು ಐಚ್ಛಿಕವೆನ್ನುತ್ತದೆ. ಉಯಿಲನ್ನು ಯಾವಾಗ ಬೇಕಾದರೂ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಒಯ್ಯಬಹುದು. ನೋಂದಾಯಿಸಿದ ಉಯಿಲಿನ ನಕಲು ಬರೆದವರು ಬದುಕಿರುವವರೆಗೆ ಬೇರೆಯವರಿಗೆ ಸಿಗದು. ಮೊಹರು ಹಾಕಿದ ಲಕೋಟೆಯಲ್ಲಿ ಜಿಲ್ಲಾ ರಿಜಿಸ್ಟ್ರಾರರ ವಶಕ್ಕೆ ಕೊಡುವ ಅವಕಾಶವೂ ಕಾಯ್ದೆಯಲ್ಲಿದೆ, ಬಳಸುವವರು ಕಡಿಮೆ. ನೋಂದಣಿಯಾಗಿದೆ ಎಂದ ಮಾತ್ರಕ್ಕೆ ಉಯಿಲು ರುಜುವಾತಾಯಿತು ಎಂದು ಅರ್ಥವಲ್ಲ. ತಕರಾರು ಬಂದಾಗ ಒಬ್ಬ ಸಾಕ್ಷಿಯಾದರೂ ಬಂದು ಹೇಳಬೇಕು. ಆದ್ದರಿಂದ ಸಾಕ್ಷಿಗಳು ಬರೆಯುವವರಿಗಿಂತ ಕಿರಿಯರಾಗಿರಬೇಕು, ಹುಡುಕಿದರೆ ಸಿಗುವಂಥವರಾಗಿರಬೇಕು.

ಬದಲಾಯಿಸುವುದಕ್ಕೆ ಮಿತಿಯಿಲ್ಲ, ಕೊನೆಯದ್ದೇ ನಿಲ್ಲುತ್ತದೆ. ಹಳೆಯದರ ಮೇಲೆ ಗೀಚಿ ತಿದ್ದಿದರೆ ಅದಕ್ಕೂ ಸಹಿ, ಸಾಕ್ಷಿ ಬೇಕು. ಹೊಸದಾಗಿ ಬರೆದು, ಹಿಂದಿನದನ್ನು ರದ್ದುಪಡಿಸಿದೆ ಎನ್ನುವುದೇ ಸುರಕ್ಷಿತ. ಮತಗಳ ನಡುವಿನ ವ್ಯತ್ಯಾಸಗಳನ್ನೂ ಗಮನಿಸಬೇಕು. ಕ್ರೈಸ್ತರ, ಪಾರ್ಸಿಗಳ ಉಯಿಲು ಅವರು ಮದುವೆಯಾದೊಡನೆ ರದ್ದಾಗುತ್ತದೆ; ಹಿಂದೂಗಳದ್ದು ಆಗುವುದಿಲ್ಲ. ಸಾಕ್ಷಿ ಹಾಕಿದವರಿಗೆ ಬರೆದ ಕೊಡುಗೆ ಕ್ರೈಸ್ತರಲ್ಲಿ, ಪಾರ್ಸಿಗಳಲ್ಲಿ ನಿಲ್ಲದು. ಹಿಂದೂಗಳಿಗೆ ಆ ಕಲಮು ತಗುಲದಿದ್ದರೂ ಪಾಲು ಪಡೆಯುವವರನ್ನು ಸಾಕ್ಷಿ ಮಾಡದಿರುವುದೇ ವಿವೇಕ. ಮುಸ್ಲಿಮರ ವಸೀಯತ್ತು ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದು ಪಾಲಿಗೆ ಸೀಮಿತ. ಅದಕ್ಕಿಂತ ಹೆಚ್ಚಿಗೆ ವಾರಸುದಾರರ ಒಪ್ಪಿಗೆ ಬೇಕು. ಮಿತಾಕ್ಷರ ಕುಟುಂಬದವರು ತಮ್ಮ ಅವಿಭಕ್ತ ಪಾಲನ್ನು ಉಯಿಲಿನಲ್ಲಿ ಕೊಡಬಹುದು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಮು ಸ್ಪಷ್ಟಪಡಿಸಿತು. ತನ್ನ ಪಾಲನ್ನು ಮಾತ್ರ, ಇಡೀ ಪಿತ್ರಾರ್ಜಿತವನ್ನಲ್ಲ.

ಇಷ್ಟು ತಿಳಿದರೆ ಸಾಮಾನ್ಯ ಕುಟುಂಬದ ಉಯಿಲಿನ ಮುಕ್ಕಾಲು ಕೆಲಸ ಮುಗಿಯಿತು. ಇದರಲ್ಲಿ ದುಬಾರಿಯಾದದ್ದು ಯಾವುದೂ ಇಲ್ಲ. ಕೊರತೆ ಇರುವುದು ತಿಳಿವಳಿಕೆಯದು.

ಎಡವುವ ಜಾಗಗಳು

ಉಯಿಲಿನ ಮೇಲಿನ ಸಂಶಯವನ್ನು ನ್ಯಾಯಾಲಯ ಹೇಗೆ ಪರಿಶೀಲಿಸುತ್ತದೆ ಎಂಬುದಕ್ಕೆ ದೇಶದ ಎಲ್ಲ ಕೋರ್ಟುಗಳೂ ಎತ್ತಿ ಹೇಳುವ ತೀರ್ಪು ಮೈಸೂರಿನ ಪ್ರಕರಣವೊಂದರದು. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ ಪ್ರಕರಣದಲ್ಲಿ 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ಈ ತೀರ್ಪು, ಉಯಿಲನ್ನು ಮುಂದಿಡುವವರ ಮೇಲೆ ಭಾರ ಹಾಕಿತು. ನಡುಗುವ ಸಹಿ, ಕುಗ್ಗಿದ ಮನಸ್ಸು, ಸಹಜವಲ್ಲದ ಹಂಚಿಕೆ, ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ್ದು, ಇಂಥ ಅನುಮಾನದ ಸಂಗತಿಗಳಿದ್ದರೆ ಅವನ್ನು ಅವರೇ ನಿವಾರಿಸಬೇಕು. ಉಯಿಲು ಬರೆದವರು ಸಾಕ್ಷಿಕಟ್ಟೆಗೆ ಬಂದು ಮಾತನಾಡಲಾರರು ಎಂಬುದೇ ಈ ಕಟ್ಟುನಿಟ್ಟಿಗೆ ಕಾರಣ. ಯಾರನ್ನಾದರೂ ಬಿಟ್ಟಿದ್ದರೆ ಏಕೆ ಬಿಟ್ಟೆ ಎಂದು ಎರಡು ಸಾಲು ಬರೆಯುವುದು, ವಯಸ್ಸಾಗಿದ್ದರೆ ವೈದ್ಯರ ಪ್ರಮಾಣಪತ್ರ ಲಗತ್ತಿಸುವುದು, ಲಾಭ ಪಡೆಯುವವರನ್ನು ಬರೆಸುವ ಕೆಲಸದಿಂದ ದೂರವಿಡುವುದು ಈ ತೀರ್ಪಿನಿಂದಲೇ ಕಲಿಯಬಹುದಾದ ಪಾಠ.

ಕೋಲ್ಕತ್ತದ ಅತಿ ಪ್ರಸಿದ್ಧ ಪ್ರಕರಣ ಬಿರ್ಲಾ ಮನೆತನದ್ದು. ಎಂ.ಪಿ. ಬಿರ್ಲಾ ಮತ್ತು ಪ್ರಿಯಂವದಾ ಬಿರ್ಲಾ ದಂಪತಿಗೆ ಮಕ್ಕಳಿರಲಿಲ್ಲ. ಆಸ್ತಿಯನ್ನು ದಾನಧರ್ಮಕ್ಕೆ ಬಿಡುವ ಉದ್ದೇಶದ ಪರಸ್ಪರ ಉಯಿಲುಗಳನ್ನು 1982ರಲ್ಲಿ ಮಾಡಿದ್ದರು. ಪ್ರಿಯಂವದಾ ಅವರು 2004ರ ಜುಲೈಯಲ್ಲಿ ತೀರಿಕೊಂಡ ಮೇಲೆ, ಸಮೂಹದ ಒಡೆತನವನ್ನು ಚಾರ್ಟರ್ಡ್ ಅಕೌಂಟೆಂಟ್ ಆರ್.ಎಸ್. ಲೋಧಾ ಅವರಿಗೆ ಬಿಟ್ಟ 1999ರ ಉಯಿಲು ಹೊರಬಂತು. ಪತ್ರಿಕೆಗಳು ಸುಮಾರು 5,000 ಕೋಟಿ ರೂಪಾಯಿ ಎಂದು ಅಂದಾಜಿಸಿದ ಆಸ್ತಿಗಾಗಿ ಕಲ್ಕತ್ತ ಹೈಕೋರ್ಟಿನಲ್ಲಿ ಹೋರಾಟ ಆರಂಭವಾಯಿತು. 2008ರಲ್ಲಿ ಲೋಧಾ ಅವರೂ ತೀರಿಕೊಂಡರು. ಮಗ ಹರ್ಷವರ್ಧನ ಲೋಧಾ ಮುಂದುವರಿಸಿದರು. ಎಸ್ಟೇಟ್ ನೋಡಿಕೊಳ್ಳಲು ನ್ಯಾಯಾಲಯ ಆಡಳಿತಗಾರರ ಸಮಿತಿ ನೇಮಿಸಿತು. ಇಪ್ಪತ್ತು ವರ್ಷ ಮೀರಿದ ಈ ವ್ಯಾಜ್ಯ ತೋರಿಸುವುದಿಷ್ಟು: ಉಯಿಲು ಎರಡಿದ್ದು, ಅವುಗಳ ನಡುವಿನ ಬದಲಾವಣೆಗೆ ಕಾರಣ ಎಲ್ಲರಿಗೂ ತಿಳಿದಿರದಿದ್ದರೆ, ದೊಡ್ಡ ವಕೀಲರ ನೆರವಿದ್ದರೂ ಶಾಂತಿ ಸಿಗದು.

ಮಧ್ಯಮ ವರ್ಗ ಎಡವುವುದು ಬೇರೆ ಕಡೆ, ನಾಮಿನಿ ಎಂಬಲ್ಲಿ. ‘ನಾಮಿನಿ ಬರೆಸಿದ್ದೇನೆ, ಉಯಿಲು ಏಕೆ?’ ಎಂಬ ಮಾತು ಎಲ್ಲ ಊರಲ್ಲೂ ಕೇಳುತ್ತದೆ. ಜೀವವಿಮೆಯ ನಾಮಿನಿ ಹಣ ಪಡೆದುಕೊಳ್ಳುವವರು ಮಾತ್ರ, ಹಣ ವಾರಸುದಾರರದ್ದು ಎಂದು ಸುಪ್ರೀಂ ಕೋರ್ಟ್ 1983ರ ಸರಬತಿ ದೇವಿ ಪ್ರಕರಣದಲ್ಲಿ ಹೇಳಿತು. (ತಂದೆತಾಯಿ, ಗಂಡಹೆಂಡತಿ, ಮಕ್ಕಳು ವಿಮೆಯ ನಾಮಿನಿಗಳಾಗಿದ್ದರೆ 2015ರ ತಿದ್ದುಪಡಿ ಅವರಿಗೆ ಲಾಭದ ಹಕ್ಕನ್ನೂ ಕೊಟ್ಟಿದೆ.) ಕಂಪನಿ ಷೇರುಗಳ ನಾಮಿನಿಯೂ ಒಡೆಯನಾಗುವುದಿಲ್ಲ ಎಂಬುದು 2023ರ ಡಿಸೆಂಬರಿನ ಶಕ್ತಿ ಯೆಜ್ದಾನಿ ತೀರ್ಪಿನ ಸಾರ. ಕೋಲ್ಕತ್ತದ ಸಾಲ್ಟ್ ಲೇಕಿನ ಸಹಕಾರ ವಸತಿ ಸಂಘವೊಂದರ ಫ್ಲ್ಯಾಟಿನ ಬಗ್ಗೆ 2016ರಲ್ಲಿ ಬಂದ ಇಂದ್ರಾಣಿ ವಾಹಿ ತೀರ್ಪನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ತಂದೆ ಮಗಳನ್ನು ನಾಮಿನಿ ಮಾಡಿದ್ದರು. ತಾಯಿ ಮತ್ತು ಮಗ ತಕರಾರು ತೆಗೆದರು. ಸಂಘವು ನಾಮಿನಿಯ ಹೆಸರಿಗೆ ವರ್ಗಾಯಿಸಲೇಬೇಕು, ಆದರೆ ಉಳಿದವರು ವಾರಸಿನ ಹಕ್ಕನ್ನು ಬೇರೆಯಾಗಿ ಕೇಳಲು ಅಡ್ಡಿಯಿಲ್ಲ ಎಂದಿತು ಕೋರ್ಟು. ಮಗಳ ಹೆಸರು ಸಂಘದ ಪುಸ್ತಕಕ್ಕೆ ಏರಿತು, ಮನೆಯ ಪ್ರಶ್ನೆ ತೆರೆದೇ ಉಳಿಯಿತು. ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸುವ ಅವಕಾಶ 2025ರ ನವೆಂಬರ್ 1ರಿಂದ ಬಂದಿದೆ. ಅನುಕೂಲವೇ ಸರಿ, ಆದರೆ ನಾಮಿನಿಯ ಹೆಸರೂ ಉಯಿಲಿನ ಹೆಸರೂ ಬೇರೆಯಾಗಿದ್ದರೆ ಹೆಚ್ಚುವುದು ಜಗಳವೇ.

ಬದುಕಿರುವಾಗಿನ ಚಿಕಿತ್ಸೆಯ ಬಗ್ಗೆ ಬರೆದಿಡುವ ‘ಲಿವಿಂಗ್ ವಿಲ್’ ಬೇರೆಯೇ ಪತ್ರ, ಅದನ್ನು ಆಸ್ತಿಯ ಉಯಿಲಿನೊಂದಿಗೆ ಬೆರೆಸಬಾರದು. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಮಾನ್ಯಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದರ ಜಾರಿಗೆ ಆದೇಶ ಹೊರಡಿಸಿತು.

ಮಹಿಳೆಯರ ಉಯಿಲು

ಉಯಿಲು ಬರೆಯದಿದ್ದರೆ ಅತಿ ದೊಡ್ಡ ನಷ್ಟ ಆಗುವುದು ಹಿಂದೂ ಮಹಿಳೆಯರಿಗೆ. 1956ರ ಕಾಯ್ದೆಯ 15ನೇ ಕಲಮಿನಂತೆ, ಗಂಡ ಮಕ್ಕಳಿಲ್ಲದ ಮಹಿಳೆ ಉಯಿಲು ಮಾಡದೆ ತೀರಿಕೊಂಡರೆ ಅವರ ಸ್ವಂತ ದುಡಿಮೆಯ ಆಸ್ತಿ ಮೊದಲು ಹೋಗುವುದು ಗಂಡನ ವಾರಸುದಾರರಿಗೆ, ಆಮೇಲಷ್ಟೇ ತಂದೆತಾಯಿಗೆ. 2009ರ ಓಂಪ್ರಕಾಶ್ ವಿರುದ್ಧ ರಾಧಾಚರಣ್ ಪ್ರಕರಣ ಇದರ ಕಠೋರತೆಯನ್ನು ತೋರಿಸಿತು. ಮದುವೆಯಾದ ಮೂರು ತಿಂಗಳೊಳಗೆ ವಿಧವೆಯಾಗಿ, ಅತ್ತೆಮನೆಯಿಂದ ಹೊರದಬ್ಬಿಸಿಕೊಂಡ ಹೆಣ್ಣುಮಗಳು ತವರಿನಲ್ಲಿ ಓದಿ, ದುಡಿದು ಉಳಿಸಿದ ಹಣ ಕೊನೆಗೆ ಸೇರಿದ್ದು ಗಂಡನ ಕಡೆಯವರಿಗೆ. ಅನುಕಂಪ ಒಂದು, ಕಾನೂನು ಇನ್ನೊಂದು ಎಂದು ಕೋರ್ಟು ಕೈಚೆಲ್ಲಿತು.

ಈ ಕಲಮನ್ನು ಪ್ರಶ್ನಿಸಿದ ಅರ್ಜಿಯೊಂದು 2025ರ ನವೆಂಬರಿನಲ್ಲಿ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಆರ್. ಮಹಾದೇವನ್ ಅವರ ಪೀಠದ ಮುಂದೆ ಬಂತು. ಕಲಮಿನ ಸಿಂಧುತ್ವದ ಪ್ರಶ್ನೆಯನ್ನು ಮುಂದಕ್ಕೆ ಬಿಟ್ಟ ಪೀಠ, ಮಹಿಳೆಯರಿಗೆ, ವಿಶೇಷವಾಗಿ ಹಿಂದೂ ಮಹಿಳೆಯರಿಗೆ, ತಡಮಾಡದೆ ಉಯಿಲು ಬರೆಯಿರಿ ಎಂದು ಮನವಿ ಮಾಡಿತು. ದೇಶದ ಅತ್ಯುನ್ನತ ನ್ಯಾಯಾಲಯ ನಾಗರಿಕರಿಗೆ ಹೀಗೆ ನೇರವಾಗಿ ಹೇಳುವುದು ಅಪರೂಪ. ಆ ಮಾತು ಕೇಳಿದ ಮಹಿಳೆ ಮರುದಿನ ಯಾರ ಬಳಿ ಹೋಗಬೇಕು?

ಉಚಿತ ಕಾನೂನು ಎಲ್ಲಿದೆ, ಎಷ್ಟಿದೆ

ಇಂಟರ್ನೆಟ್ಟಿನಲ್ಲಿ ಕಾನೂನನ್ನು ಎಲ್ಲರಿಗೂ ಬಿಚ್ಚಿಡುವ ಚಳವಳಿ 1992ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. 1995ರಲ್ಲಿ ಆಸ್ಟ್ರೇಲಿಯ ಹಿಂಬಾಲಿಸಿತು. 2002ರಲ್ಲಿ ಮಾಂಟ್ರಿಯಲ್‌ನಲ್ಲಿ ಇಂಥ ಸಂಸ್ಥೆಗಳು ಸೇರಿ, ಸಾರ್ವಜನಿಕ ಕಾನೂನು ಮಾಹಿತಿ ಮನುಕುಲದ ಸಾಮಾನ್ಯ ಸ್ವತ್ತು ಎಂದು ಘೋಷಿಸಿದವು. ಭಾರತದಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆಯೇ ತೀರ್ಪುಗಳ ಮರುಮುದ್ರಣಕ್ಕೆ ಬಾಗಿಲು ತೆರೆದಿತ್ತು. ಆದರೂ ತೀರ್ಪುಗಳು ಬಹುಕಾಲ ಬೆಲೆಬಾಳುವ ವರದಿ ಸಂಪುಟಗಳಲ್ಲೇ ಉಳಿದವು. 2008ರಲ್ಲಿ ಸುಶಾಂತ್ ಸಿನ್ಹಾ ಎಂಬ ಎಂಜಿನಿಯರ್ ಆರಂಭಿಸಿದ ‘ಇಂಡಿಯನ್ ಕಾನೂನ್’ ಹುಡುಕಾಟವನ್ನು ಜನರ ಕೈಗೆ ಕೊಟ್ಟಿತು. ಸರ್ಕಾರದ ‘ಇಂಡಿಯಾ ಕೋಡ್’ನಲ್ಲಿ ಕೇಂದ್ರದ ಕಾಯ್ದೆಗಳೆಲ್ಲ ಸಿಗುತ್ತವೆ. 2023ರ ಜನವರಿಯಲ್ಲಿ ಬಂದ ‘ಇ-ಎಸ್‌ಸಿಆರ್’ ಸುಪ್ರೀಂ ಕೋರ್ಟಿನ ವರದಿಯಾದ ತೀರ್ಪುಗಳನ್ನು ಉಚಿತವಾಗಿ ತೆರೆದಿಟ್ಟಿತು. ಕನ್ನಡವೂ ಸೇರಿ ಹಲವು ಭಾಷೆಗಳಿಗೆ ತೀರ್ಪುಗಳ ಅನುವಾದ ನಡೆದಿದೆ. ಕರ್ನಾಟಕದ ಕಾಯ್ದೆಗಳನ್ನು ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೊಡುತ್ತದೆ. ತೀರಿಕೊಂಡವರ ಮರೆತುಹೋದ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕಿನ ‘ಉದ್ಗಮ್’ 2023ರಿಂದ ನೆರವಾಗುತ್ತಿದೆ. ಪುಸ್ತಕವನ್ನೇ ಹಿಡಿದು ಓದುವವರಿಗೆ ಕೋಲ್ಕತ್ತದ ಅಲಿಪುರದಲ್ಲಿ ರಾಷ್ಟ್ರೀಯ ಗ್ರಂಥಾಲಯವಿದೆ. 1954ರ ಕಾಯ್ದೆಯಂತೆ ದೇಶದಲ್ಲಿ ಅಚ್ಚಾದ ಪುಸ್ತಕಗಳು ಅಲ್ಲಿಗೆ ಬರುತ್ತವೆ, ಕನ್ನಡದವೂ.

ಕಾಯ್ದೆಯ ಪಠ್ಯ, ತೀರ್ಪಿನ ಪಠ್ಯ ಹೀಗೆ ಯಥೇಚ್ಛವಾಗಿವೆ. ಆದರೆ ‘ನನಗೆ ಇಬ್ಬರು ಹೆಣ್ಣುಮಕ್ಕಳು, ಕೋಲ್ಕತ್ತದ ಬೆಹಾಲಾದಲ್ಲಿ ಫ್ಲ್ಯಾಟ್, ಶಿರಸಿಯಲ್ಲಿ ಅಡಕೆ ತೋಟದ ಪಾಲು, ಏನು ಬರೆಯಲಿ?’ ಎಂಬ ಪ್ರಶ್ನೆಗೆ ಪಠ್ಯದಲ್ಲಿ ನೇರ ಉತ್ತರ ಸಿಗದು. ವಿಧಿ ಸೆಂಟರ್ ಎಂಬ ಸಂಸ್ಥೆಯ ‘ನ್ಯಾಯ’ದಂಥ ಕೆಲವು ಪ್ರಯತ್ನಗಳು ಸರಳ ಭಾಷೆಯಲ್ಲಿ ವಿವರಿಸುತ್ತವೆ. ಅಂಥವು ಕಡಿಮೆ. ಇನ್ನೊಂದು ತೊಂದರೆ ಹಳತಾದ ಮಾಹಿತಿಯದ್ದು. ಕೋಲ್ಕತ್ತ, ಚೆನ್ನೈ, ಮುಂಬಯಿಗಳಲ್ಲಿ ಪ್ರೊಬೇಟ್ ಕಡ್ಡಾಯ ಎಂದು 2025ರ ಡಿಸೆಂಬರಿಗೆ ಮುಂಚೆ ಬರೆದ ಪ್ರತಿಯೊಂದು ಕೈಪಿಡಿಯೂ ಈಗ ತಪ್ಪುದಾರಿ ತೋರಿಸುತ್ತದೆ. ಉಚಿತ ಮಾಹಿತಿ ಓದುವವರು ಮೊದಲು ನೋಡಬೇಕಾದದ್ದು ಅದನ್ನು ಬರೆದ ದಿನಾಂಕವನ್ನು. ಕೊಡುವವರು ಮೊದಲು ಹಾಕಬೇಕಾದದ್ದೂ ಅದನ್ನೇ.

ಪಠ್ಯಕ್ಕಿಂತ ಮನುಷ್ಯರ ಸಲಹೆ ಮುಖ್ಯವಾಗುವ ಈ ಜಾಗದಲ್ಲಿ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ನೆನಪಾಗಬೇಕು. 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿಯ ಆಶಯಕ್ಕೆ ರೂಪ ಕೊಟ್ಟ ಈ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಉಚಿತ ಕಾನೂನು ನೆರವು ಎಂದರೆ ಕೋರ್ಟಿನ ಕೇಸಿಗೆ ವಕೀಲರನ್ನು ಕೊಡುವುದು ಮಾತ್ರ ಎಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಕಾಯ್ದೆಯ 2ನೇ ಕಲಮು ಮಾತ್ರ, ಯಾವುದೇ ಕಾನೂನು ವಿಷಯದ ಬಗ್ಗೆ ಸಲಹೆ ಕೊಡುವುದೂ ಕಾನೂನು ಸೇವೆಯೇ ಎನ್ನುತ್ತದೆ. 12ನೇ ಕಲಮು ಅರ್ಹರ ಪಟ್ಟಿಯಲ್ಲಿ ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಮಿಕರು, ಆದಾಯ ಮಿತಿಯೊಳಗಿನವರ ಜೊತೆ ಎಲ್ಲ ಮಹಿಳೆಯರನ್ನೂ ಸೇರಿಸಿದೆ. ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲ.

ಈ ಎರಡು ಕಲಮುಗಳನ್ನು ಜೋಡಿಸಿ ಓದಿದರೆ, ಸುಪ್ರೀಂ ಕೋರ್ಟಿನ ಮನವಿ ಕೇಳಿದ ಮಹಿಳೆಗೆ ಉತ್ತರ ಸಿಗುತ್ತದೆ. ಕೋಲ್ಕತ್ತದ ಕಿರಣ್‌ಶಂಕರ್ ರಾಯ್ ರಸ್ತೆಯ ಸಿಟಿ ಸಿವಿಲ್ ಕೋರ್ಟ್ ಕಟ್ಟಡದಲ್ಲಿರುವ ಪಶ್ಚಿಮ ಬಂಗಾಳ ರಾಜ್ಯ ಕಾನೂನು ಸೇವಾ ಪ್ರಾಧಿಕಾರವಾಗಲಿ, ಬೆಂಗಳೂರಿನ ನ್ಯಾಯ ದೇಗುಲದಲ್ಲಿರುವ ಕರ್ನಾಟಕದ ಪ್ರಾಧಿಕಾರವಾಗಲಿ, ಅವರಿಗೆ ಉಯಿಲಿನ ಬಗ್ಗೆ ಸಲಹೆ ಕೊಡಬೇಕಾದ ಸ್ಥಳಗಳೇ. 15100 ಎಂಬ ಉಚಿತ ದೂರವಾಣಿಯೂ ಅದೇ ವ್ಯವಸ್ಥೆಗೆ ಸೇರಿದ್ದು. ಹಿರಿಯ ನಾಗರಿಕರಿಗೆ 14567 ಇದೆ. ಹಕ್ಕು ಕಾಗದದ ಮೇಲಿದೆ. ಅದನ್ನು ಕೇಳಿ ಪಡೆಯಲು ಜನರಿಗೆ ಗೊತ್ತಾಗಬೇಕು, ಕೇಳಿದಾಗ ಕೊಡಲು ಕಚೇರಿಗಳು ಸಿದ್ಧವಾಗಿರಬೇಕು.

ಮಾಡಬೇಕಾದದ್ದು ಬಹಳವಿಲ್ಲ. ಉಯಿಲಿನ ನಿಯಮಗಳನ್ನೂ ಒಂದು ಮಾದರಿಯನ್ನೂ ಎರಡು ಪುಟಗಳಲ್ಲಿ ಬಂಗಾಳಿಯಲ್ಲಿ, ಕನ್ನಡದಲ್ಲಿ, ಪ್ರತಿ ರಾಜ್ಯದ ಭಾಷೆಯಲ್ಲಿ ಅಚ್ಚುಹಾಕಿಸಿ, ದಿನಾಂಕ ನಮೂದಿಸಿ, ಸಬ್‌ರಿಜಿಸ್ಟ್ರಾರ್ ಕಚೇರಿ, ಬ್ಯಾಂಕಿನ ಕೌಂಟರು, ಪಿಂಚಣಿ ಕಚೇರಿ, ಸಾರ್ವಜನಿಕ ಗ್ರಂಥಾಲಯಗಳಲ್ಲಿ ಇಡಬಹುದು. ಕಾನೂನು ಕಾಲೇಜುಗಳು ತಿಂಗಳಿಗೊಂದು ಶನಿವಾರ ಉಯಿಲು ಸಲಹಾ ಶಿಬಿರ ನಡೆಸಬಹುದು. ಪ್ರಾಧಿಕಾರಗಳು ತಮ್ಮ ಅರಿವಿನ ಕಾರ್ಯಕ್ರಮಗಳಲ್ಲಿ, ಬಾಲ್ಯವಿವಾಹ, ವರದಕ್ಷಿಣೆಗಳ ಜೊತೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮನ್ನೂ ವಿವರಿಸಬಹುದು. ಪ್ರೊಬೇಟ್ ಕಡ್ಡಾಯ ಹೋದ ಮೇಲೆ ಕೋಲ್ಕತ್ತದ ಬ್ಯಾಂಕುಗಳು, ವಸತಿ ಸಂಘಗಳು, ನಗರಪಾಲಿಕೆ ಉಯಿಲನ್ನು ಸ್ವೀಕರಿಸಲು ಯಾವ ದಾಖಲೆ ಕೇಳುತ್ತವೆ ಎಂಬುದನ್ನು ಅವು ಬರಹದಲ್ಲಿ ಪ್ರಕಟಿಸಬೇಕು. ಇಲ್ಲವಾದರೆ ಸಂಸತ್ತು ತೆಗೆದುಹಾಕಿದ ಕಡ್ಡಾಯ ಕೌಂಟರಿನಲ್ಲಿ ಮುಂದುವರಿಯುತ್ತದೆ, ಹುಬ್ಬಳ್ಳಿಯ ಮಕ್ಕಳು ಮತ್ತೆ ಸಾಲಿಸಿಟರ್ ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತದೆ.